ಆನರ್ಸ್ ಯಾರ ಸೊತ್ತು?

ಗಿರಣಿಯಲ್ಲಿ ಪಾಳಿ ಮಾಡುವವನಿಗೆ, ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡವನಿಗೆ ವಿಶ್ವವಿದ್ಯಾನಿಲಯದ ಆನರ್ಸ್ ಪಾಠಕ್ರಮದ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಮಗನೋ ಮಗಳೋ ಬಿ.ಎ. ಆದರೆ ಸಾಕು, ಬಿ.ಕಾಂ. ಮುಗಿಸಿ ಒಂದು ನೌಕರಿ ಹಿಡಿದರೆ ಸಾಕು ಎಂಬುದೇ ನಮ್ಮ ಮನೆಗಳ ಮಾತು. ಈ 'ಸಾಕು' ಎಂಬ ಮಾತನ್ನು ನಮಗೆ ಕಲಿಸಿದವರು ಯಾರು? ಈ ವಾರ ನಾವು ಎತ್ತಿಕೊಂಡಿರುವ ಪ್ರಶ್ನೆ ಇದೇ.

ಆನರ್ಸ್ ಎಂದರೆ ಏನು? ಹಲವು ವಿಷಯಗಳನ್ನು ಮೇಲೆ ಮೇಲೆ ಓದಿ ಪರೀಕ್ಷೆ ದಾಟುವುದರ ಬದಲು, ಒಂದು ವಿಷಯದಲ್ಲಿ ಆಳಕ್ಕೆ ಇಳಿಯುವುದು. ಒಂದು ಕಾಲಕ್ಕೆ ಮೈಸೂರಿನ ಮಹಾರಾಜಾ ಕಾಲೇಜಿನ ಆನರ್ಸ್ ತರಗತಿಗಳಿಗೆ ದೊಡ್ಡ ಹೆಸರಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆ ಹೆಸರನ್ನು ನಾಲ್ಕು ವರ್ಷದ ಪದವಿಗೆ ಕಟ್ಟಿತು. ಯು.ಜಿ.ಸಿ. 2022ರ ಡಿಸೆಂಬರಿನಲ್ಲಿ ಹೊರಡಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸಿಗೆ 160 ಕ್ರೆಡಿಟ್. ಪಾಠದ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರಿಗೆ 15 ಗಂಟೆ. ಮೊದಲ ಆರು ಸೆಮಿಸ್ಟರುಗಳಲ್ಲಿ ನೂರಕ್ಕೆ 75 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದವರು ನಾಲ್ಕನೆಯ ವರ್ಷದಲ್ಲಿ 12 ಕ್ರೆಡಿಟ್ಟಿನ ಸಂಶೋಧನೆ ಮಾಡಿ ಪ್ರಬಂಧ ಬರೆಯಬಹುದು. ಉಳಿದವರು ಅದರ ಬದಲು ಮೂರು ಪತ್ರಿಕೆಗಳನ್ನು ಹೆಚ್ಚಾಗಿ ಓದಬೇಕು.

ಕರ್ನಾಟಕ 2021ರಲ್ಲಿ, ದೇಶದಲ್ಲೇ ಮೊದಲಿಗನೆಂದು ಹೇಳಿಕೊಂಡು ಈ ನೀತಿಯನ್ನು ಜಾರಿಗೆ ತಂದಿತು. ಮೂರು ವರ್ಷ ಕಳೆಯುವುದರೊಳಗೆ, ಪ್ರೊ. ಸುಖದೇವ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ, 2024ರ ಮೇ ತಿಂಗಳಲ್ಲಿ ಸರ್ಕಾರ ನಾಲ್ಕು ವರ್ಷದ ಆನರ್ಸನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ದೆಹಲಿ ವಿಶ್ವವಿದ್ಯಾನಿಲಯದ್ದೂ ಇದೇ ಕಥೆ: 2013ರಲ್ಲಿ ನಾಲ್ಕು ವರ್ಷ, 2014ರಲ್ಲಿ ಮತ್ತೆ ಮೂರು, 2022ರಲ್ಲಿ ಮತ್ತೆ ನಾಲ್ಕು. ಆಳುವವರು ಬದಲಾದಂತೆಲ್ಲ ಪಠ್ಯ ಬದಲಾಗುತ್ತದೆ. ಪ್ರಯೋಗಕ್ಕೆ ಸಿಕ್ಕುವವರು ಮಾತ್ರ ನಮ್ಮ ಮಕ್ಕಳೇ.

ನಾಲ್ಕು ವರ್ಷದ ಪದವಿಯನ್ನು ವಿರೋಧಿಸಿದವರ ವಾದದಲ್ಲಿ ಹುರುಳಿಲ್ಲದಿಲ್ಲ. ಬಡವರ ಮನೆಯಲ್ಲಿ ಒಂದು ವರ್ಷದ ಓದು ಎಂದರೆ ಬರೀ ಫೀಸಿನ ಮಾತಲ್ಲ, ಮನೆಗೆ ಬರಬೇಕಾದ ಒಂದು ವರ್ಷದ ದುಡಿಮೆಯೂ ಹೋದಂತೆ. ಒಂದು ವರ್ಷಕ್ಕೆ ಬಿಟ್ಟವರಿಗೆ ಸರ್ಟಿಫಿಕೇಟು, ಎರಡು ವರ್ಷಕ್ಕೆ ಬಿಟ್ಟವರಿಗೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಎಂಬ ಏರ್ಪಾಡನ್ನು ಅನುಕೂಲವೆಂದು ಕರೆದರು. ಆದರೆ ನಡುವೆ ಬಿಟ್ಟುಹೋಗುವವರು ಯಾರು? ತಂದೆಯ ಗಿರಣಿ ಮುಚ್ಚಿದ ಹುಡುಗ, ಮದುವೆಯ ಮಾತು ಬಂದ ಹುಡುಗಿ, ಅಂಗಡಿಯ ಸಾಲ ತೀರಿಸಬೇಕಾದ ಹಿರಿಮಗ. ಬಿಟ್ಟವರು ಮೂರು ವರ್ಷದೊಳಗೆ ಮರಳಿ ಸೇರಬಹುದೆಂದು ನಿಯಮವೇನೋ ಇದೆ. ಸಂಸಾರದ ನೊಗಕ್ಕೆ ಹೆಗಲು ಕೊಟ್ಟವನು ಮರಳಿ ಬರುವುದು ನಿಯಮದಲ್ಲಿ ಬರೆದಷ್ಟು ಸುಲಭವಲ್ಲ.

ಹಾಗಾದರೆ ಆನರ್ಸನ್ನು ತೆಗೆದುಹಾಕಿದ್ದು ಬಡವರಿಗೆ ಆದ ಉಪಕಾರವೇ? ಇಲ್ಲಿ ನಾವು ನಿಂತು ಯೋಚಿಸಬೇಕಾಗಿದೆ. ರಾಜ್ಯ ಸರ್ಕಾರದ ಆದೇಶ ಕೇಂದ್ರೀಯ ವಿಶ್ವವಿದ್ಯಾನಿಲಯಗಳಿಗೂ ಡೀಮ್ಡ್ ವಿಶ್ವವಿದ್ಯಾನಿಲಯಗಳಿಗೂ ತಟ್ಟುವುದಿಲ್ಲ. ಬಾಗಿಲು ಮುಚ್ಚಿದ್ದು ನಮ್ಮ ಮಕ್ಕಳು ಓದುವ ಸರ್ಕಾರಿ ಕಾಲೇಜಿನಲ್ಲಿ. ಲಕ್ಷಗಟ್ಟಲೆ ಹಣ ಕೊಡಬಲ್ಲವರಿಗೆ ಅದು ತೆರೆದೇ ಇದೆ. ಇದರ ಫಲವನ್ನು ನೋಡಿ. ಯು.ಜಿ.ಸಿ.ಯ 2022ರ ನಿಯಮದಂತೆ ನಾಲ್ಕು ವರ್ಷದ ಪದವಿಯಲ್ಲಿ ನೂರಕ್ಕೆ 75 ಪಡೆದವರು ಎಂ.ಎ. ಮಾಡದೆ ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಮೂರು ವರ್ಷದ ಪದವೀಧರನು ಎರಡು ವರ್ಷದ ಎಂ.ಎ. ಮುಗಿಸಿಯೇ ಆ ಬಾಗಿಲಿಗೆ ಬರಬೇಕು. ಹಣವಂತನ ಮಗ ಅಲ್ಲಿಗೂ ಒಂದು ವರ್ಷ ಮೊದಲು ತಲುಪುತ್ತಾನೆ. ಬಡವನಿಗೆ ಭಾರವಾಗುತ್ತದೆಂದು ಏಣಿಯ ಒಂದು ಮೆಟ್ಟಿಲನ್ನೇ ಕಿತ್ತರೆ, ಏಣಿ ಬಡವನದಾಗುವುದಿಲ್ಲ.

ಇನ್ನು ಆನರ್ಸ್ ಇದ್ದಾಗಲಾದರೂ ಅದು ಸರಿಯಾಗಿ ನಡೆಯುವ ಸ್ಥಿತಿಯಿತ್ತೇ? ಸಂಶೋಧನೆಗೆ ಬೇಕಾದದ್ದು ಅಧ್ಯಾಪಕರು, ಪುಸ್ತಕ ಭಂಡಾರ, ಪ್ರಯೋಗಶಾಲೆ. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಸಾವಿರಾರು ಅತಿಥಿ ಉಪನ್ಯಾಸಕರ ಬೆವರಿನ ಮೇಲೆ. ಅವರು ಖಾಯಂ ಮಾಡಿರೆಂದು ಕೇಳಿ 2023ರ ಕೊನೆಯಲ್ಲಿ ತರಗತಿ ಬಿಟ್ಟು ಮುಷ್ಕರ ಹೂಡಿದ್ದನ್ನು ಓದುಗರು ಮರೆತಿರಲಾರರು. ಮುಂದಿನ ವರ್ಷ ತನಗೆ ಕೆಲಸವಿದೆಯೋ ಇಲ್ಲವೋ ತಿಳಿಯದ ಅಧ್ಯಾಪಕನು ವಿದ್ಯಾರ್ಥಿಯ ವರ್ಷದುದ್ದದ ಸಂಶೋಧನೆಗೆ ಮಾರ್ಗದರ್ಶನ ಮಾಡುವುದು ಹೇಗೆ? ನಾಲ್ಕು ವರ್ಷವೆಂದು ಕಾಗದದಲ್ಲಿ ಬರೆದ ಸರ್ಕಾರವೂ, ಮೂರು ವರ್ಷವೆಂದು ತಿದ್ದಿದ ಸರ್ಕಾರವೂ ಈ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ.

ಸಂಶೋಧನೆಯಿಂದ ನಮಗೇನು ಎಂದು ಕೇಳುವವರಿಗೆ ಒಂದು ಮಾತು. ಹತ್ತಿಯ ಗಿರಣಿಯಲ್ಲಿ ದುಡಿದವರಿಗೆ ವಾರದ ರಜೆ ಕಳೆದು ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿದುಕೊಳ್ಳುವುದು ಗೊತ್ತು. ಹತ್ತಿಯ ಧೂಳಿನಿಂದ ಬರುವ ಈ ರೋಗಕ್ಕೆ ಬಿಸಿನೋಸಿಸ್ ಎಂದು ಹೆಸರು; 1948ರ ಕಾರ್ಖಾನೆ ಕಾಯಿದೆಯ ರೋಗಪಟ್ಟಿಯಲ್ಲೇ ಅದು ಸೇರಿತ್ತು. ನಮ್ಮ ಕೇರಿಯಲ್ಲಿ ಎಷ್ಟು ಜನ ಹೀಗೆ ಕೆಮ್ಮುತ್ತಿದ್ದಾರೆಂದು ಮನೆಮನೆಗೆ ಹೋಗಿ ಲೆಕ್ಕ ಬರೆಯುವವರು ಯಾರು? ಸಣ್ಣ ವ್ಯಾಪಾರಿ ದಿನದ ಬಡ್ಡಿಗೆ ಹಣ ತಂದು ವರ್ಷಕ್ಕೆ ಎಷ್ಟು ತೆರುತ್ತಾನೆ, ದೊಡ್ಡ ಮಳಿಗೆ ಬಂದ ಬೀದಿಯಲ್ಲಿ ಎಷ್ಟು ಅಂಗಡಿ ಬಾಗಿಲು ಹಾಕಿದವು ಎಂದು ಬರೆದಿಡುವವರು ಯಾರು? ನಮ್ಮ ಮನೆಯ ಹುಡುಗ ಹುಡುಗಿಯರು ಶೋಧಿಸದಿದ್ದರೆ, ನಮ್ಮನ್ನು ಕಾಣದವರು ನಮ್ಮ ವಿಚಾರ ಬರೆಯುತ್ತಾರೆ. ಅವರ ಬರಹವನ್ನು ಓದಿ ಸರ್ಕಾರ ಕಾನೂನು ಮಾಡುತ್ತದೆ.

ಭಾಷೆಯ ಮಾತೂ ಇದೆ. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಯಾಗಿದ್ದ ಕುವೆಂಪು, ಉನ್ನತ ಶಿಕ್ಷಣ ಕನ್ನಡದಲ್ಲೇ ನಡೆಯಬೇಕೆಂದು ಪಟ್ಟು ಹಿಡಿದರು. ಅಷ್ಟು ವರ್ಷಗಳಾದ ಮೇಲೂ ಆಳವಾದ ವ್ಯಾಸಂಗ ಎಂದೊಡನೆ ಇಂಗ್ಲಿಷ್ ಎಂದೇ ಅರ್ಥವಾದರೆ, ಕೇರಿಯ ಮಗುವಿಗೆ ಇರುವ ತಡೆ ಬರೀ ಹಣದ್ದಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಮೊದಲನೆಯದು, ಮೂರು ವರ್ಷದ ಪದವಿಯ ಕೊನೆಯ ವರ್ಷದಲ್ಲೇ ಪ್ರತಿ ವಿದ್ಯಾರ್ಥಿಗೂ ತನ್ನ ಊರಿನ ಒಂದು ಸಮಸ್ಯೆಯನ್ನು ಕುರಿತು ಶೋಧನೆ ಮಾಡಿ ಬರೆಯುವ ಅವಕಾಶ ಇರಲಿ. ಎರಡನೆಯದು, ಪ್ರತಿ ಜಿಲ್ಲೆಯಲ್ಲಿ ಕನಿಷ್ಠ ಒಂದು ಸರ್ಕಾರಿ ಕಾಲೇಜಿನಲ್ಲಿ, ಇಷ್ಟಪಟ್ಟವರಿಗೆ, ಶುಲ್ಕವಿಲ್ಲದ ಆನರ್ಸ್ ವರ್ಷವನ್ನು ಮತ್ತೆ ತೆರೆಯಲಿ. ಅದನ್ನು ಓದುವ ಬಡ ವಿದ್ಯಾರ್ಥಿಗೆ ಅಕುಶಲ ಕಾರ್ಮಿಕನ ಕನಿಷ್ಠ ವೇತನಕ್ಕೆ ಕಡಮೆಯಿಲ್ಲದ ವಿದ್ಯಾರ್ಥಿವೇತನ ಸಿಕ್ಕಲಿ. ಮೂರನೆಯದು, ಖಾಲಿ ಹುದ್ದೆಗಳಿಗೆ ಖಾಯಂ ಅಧ್ಯಾಪಕರು ಬರಲಿ. ನಾಲ್ಕನೆಯದು, ಪ್ರಬಂಧವನ್ನು ಕನ್ನಡದಲ್ಲಿ ಬರೆದವನಿಗೆ ಇಂಗ್ಲಿಷಿನಲ್ಲಿ ಬರೆದವನಷ್ಟೇ ಮಾನ್ಯತೆ ಇರಲಿ.

ಇದಕ್ಕೆಲ್ಲ ದುಡ್ಡೆಲ್ಲಿ ಎಂದು ಮಂತ್ರಿಗಳು ಕೇಳುತ್ತಾರೆ. ಉಳ್ಳವರಿಗೆ ತೆರಿಗೆ ಬಿಡುವಾಗ ಈ ಪ್ರಶ್ನೆ ಅವರ ಬಾಯಿಗೆ ಬರುವುದಿಲ್ಲ.

ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ಸರ್ಕಾರಿ ಕಾಲೇಜಿಗೆ ಅಭಿವೃದ್ಧಿ ಸಮಿತಿ ಎಂಬುದೊಂದಿದೆ. ಅದಕ್ಕೆ ನಿಮ್ಮ ಮತ ಪಡೆದ ಶಾಸಕರೇ ಅಧ್ಯಕ್ಷರು. ಕಾಲೇಜಿನಲ್ಲಿ ಖಾಯಂ ಅಧ್ಯಾಪಕರು ಎಷ್ಟು, ಪುಸ್ತಕ ಭಂಡಾರ ಸಂಜೆ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ಆನರ್ಸ್ ಮತ್ತೆ ಬರುವುದೆಂದು ಎಂಬ ಮೂರು ಪ್ರಶ್ನೆಗಳನ್ನು ಅವರ ಮುಂದಿಡಿ. ಒಬ್ಬೊಬ್ಬರಾಗಿ ಅಲ್ಲ, ಸಂಘದ ಹೆಸರಿನಲ್ಲಿ, ಬೀದಿಯ ವ್ಯಾಪಾರಿಗಳೆಲ್ಲ ಸೇರಿ ಕೇಳಿ. ಕೂಲಿ, ಬೋನಸ್ಸು, ತೂಕ, ತೆರಿಗೆ ಎಂದು ಹೋರಾಡುವಷ್ಟೇ ಗಟ್ಟಿಯಾಗಿ ಮಕ್ಕಳ ವ್ಯಾಸಂಗಕ್ಕೂ ಹೋರಾಡಬೇಕಾಗಿದೆ. ಹೊಟ್ಟೆಗೆ ಇಷ್ಟು ಸಾಕು ಎಂದರೆ ನಾವು ಒಪ್ಪುವುದಿಲ್ಲ. ಬುದ್ಧಿಗೆ ಇಷ್ಟು ಸಾಕು ಎಂದರೆ ಒಪ್ಪುವುದೇಕೆ?