ಮಾತಿನ ದಾನ, ಕಲ್ಲಿನ ದಾನ

ಗದಗ ತಾಲೂಕಿನ ಮುಳಗುಂದದಲ್ಲಿ ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದ, ಶಕ 824ರ, ಅಂದರೆ ಕ್ರಿ.ಶ. 902-03ರ ಶಾಸನವೊಂದಿದೆ. ವೈಶ್ಯ ಕುಲದ ಚಂದ್ರಾರ್ಯನ ಮಗ ಚಿಕಾರ್ಯನು ಅಲ್ಲಿ ಜಿನಾಲಯವನ್ನು ಕಟ್ಟಿಸಿದನು. ಚಿಕಾರ್ಯನ ಮಗ ಅರಸಾರ್ಯನು ಅದಕ್ಕೆ ಭೂಮಿಯನ್ನು ಬಿಟ್ಟು ಸೇನಾನ್ವಯದ ಕನಕಸೇನ ಮುನಿಗಳಿಗೆ ಒಪ್ಪಿಸಿದನು. ಕೊಟ್ಟವರಾರು, ಪಡೆದವರಾರು, ಯಾತಕ್ಕಾಗಿ ಎಂಬುದು ಹನ್ನೊಂದು ಶತಮಾನಗಳ ನಂತರವೂ ಓದಬಲ್ಲವರಿಗೆ ತಿಳಿಯುತ್ತದೆ. ಅದೇ ನಾಡಿನ ಇಂದಿನ ಶ್ರಾವಕನು ತೀರಿಕೊಂಡು ಹನ್ನೊಂದು ದಿನ ಕಳೆಯುವಷ್ಟರಲ್ಲಿ ಅವನ ಇಚ್ಛೆ ಏನಿತ್ತೆಂಬುದು ಮನೆಯವರಿಗೇ ಸ್ಪಷ್ಟವಿರುವುದಿಲ್ಲ.

ಗದಗಿನಲ್ಲಿ ಅಡತಿ ಅಂಗಡಿ, ಬೆಟಗೇರಿಯಲ್ಲಿ ಮನೆ, ಮುಂಡರಗಿಯ ಕಡೆ ನಾಲ್ಕು ಕೂರಿಗೆ ಎರಿಹೊಲ, ಬ್ಯಾಂಕಿನಲ್ಲಿ ಠೇವಣಿ, ಒಂದಿಷ್ಟು ಷೇರು, ಇಬ್ಬರು ಗಂಡುಮಕ್ಕಳು, ಸಾಂಗಲಿಗೋ ಹುಬ್ಬಳ್ಳಿಗೋ ಕೊಟ್ಟ ಮಗಳು: ಇಂಥ ಗೃಹಸ್ಥನಿಗೆ ಮರಣಶಾಸನದ ಮಾತೆತ್ತಿದರೆ ಸಿಗುವ ಉತ್ತರ ಸಿದ್ಧವಾಗಿದೆ. ‘ಅಪಶಕುನ ಆಡಬೇಡಿ’ ಎಂಬುದು ಮೊದಲನೆಯದು. ದಿನಬೆಳಗಾದರೆ ಅನಿತ್ಯ ಭಾವನೆಯನ್ನು ಹೇಳಿಕೊಳ್ಳುವ, ಸಲ್ಲೇಖನದ ಹಿರಿಮೆಯನ್ನು ಲೋಕಕ್ಕೆ ವಿವರಿಸುವ ಸಮಾಜವು ಸಾವಿನ ಹೆಸರಿನ ಒಂದು ಕಾಗದಕ್ಕೆ ಹೆದರುವುದು ವಿಚಿತ್ರವೇ ಸರಿ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಅಂತ್ಯಕಾಲದಲ್ಲಿ ಸ್ನೇಹ, ವೈರ, ಪರಿಗ್ರಹಗಳನ್ನು ತೊರೆದು ಸ್ವಜನ ಪರಿಜನರನ್ನು ಕ್ಷಮಿಸಿ ಕ್ಷಮೆ ಬೇಡಬೇಕೆನ್ನುತ್ತದೆ. ತನ್ನ ಆಸ್ತಿಯನ್ನೇ ವೈರದ ಬೀಜವಾಗಿ ಮನೆಯ ಅಂಗಳದಲ್ಲಿ ಬಿತ್ತಿ ಹೋಗುವವನು ಬೇಡುವ ಕ್ಷಮೆಗೆ ಬೆಲೆಯೆಷ್ಟು?

ಎರಡನೆಯ ಉತ್ತರ ಕೊಂಚ ಘನವಾದುದು. ಸತ್ತ ಮೇಲೂ ಸ್ವತ್ತಿನ ಮೇಲೆ ಹಿಡಿತವಿರಿಸಿಕೊಳ್ಳುವುದು ಪರಿಗ್ರಹವಲ್ಲವೇ, ಬಿಟ್ಟುಬಿಡುವುದಲ್ಲವೇ ಧರ್ಮ ಎಂದು ಕೆಲವು ಹಿರಿಯರು ಕೇಳುತ್ತಾರೆ. ಇದಕ್ಕೆ ಜಿನಸೇನಾಚಾರ್ಯರ ಆದಿಪುರಾಣದ 38ನೆಯ ಪರ್ವದಲ್ಲಿಯೇ ಸಮಾಧಾನವಿದೆ. ಮನೆವಾರ್ತೆಯನ್ನೂ ಧನವನ್ನೂ ಧರ್ಮವನ್ನೂ ಮಗನಿಗೆ ವಿಧಿವತ್ತಾಗಿ ಒಪ್ಪಿಸುವುದನ್ನು ಅವರು ಅನ್ವಯದತ್ತಿ ಎಂದು ಕರೆದು ದಾನದ ನಾಲ್ಕು ಬಗೆಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಗೃಹತ್ಯಾಗ ಕ್ರಿಯೆಯಲ್ಲಿ ಮಾನ್ಯರನ್ನು ಕರೆಸಿ, ಅವರ ಸಾಕ್ಷಿಯಲ್ಲಿ ಹಿರಿಯ ಮಗನಿಗೆ ಎಲ್ಲವನ್ನೂ ತಿಳಿಸಬೇಕು. ಧನದಲ್ಲಿ ಒಂದು ಭಾಗ ಧರ್ಮಕಾರ್ಯಕ್ಕೆ, ಒಂದು ಭಾಗ ಮನೆಯ ಖರ್ಚಿಗೆ, ಮೂರನೆಯದು ಒಡಹುಟ್ಟಿದವರಿಗೆ ಹಂಚಲು. ಅಲ್ಲಿಗೇ ನಿಲ್ಲದೆ, ಹೆಣ್ಣುಮಕ್ಕಳೂ ಗಂಡುಮಕ್ಕಳಿಗೆ ಸಮನಾದ ಪಾಲಿಗೆ ಅರ್ಹರೆಂದು ಆಚಾರ್ಯರು ಸ್ಪಷ್ಟವಾಗಿ ವಿಧಿಸುತ್ತಾರೆ. ಬಿಡುವುದು ಬೇರೆ, ಚೆಲ್ಲುವುದು ಬೇರೆ. ಈ ಮಹಾಪುರಾಣವನ್ನು ಪೂರ್ಣಗೊಳಿಸಿದ ಗುಣಭದ್ರರ ಹೆಸರು ಲಕ್ಷ್ಮೇಶ್ವರ, ಶಿರಹಟ್ಟಿಗಳಿಗೆ ದೂರವಲ್ಲದ ಬಂಕಾಪುರದೊಡನೆ ಬೆಸೆದುಕೊಂಡಿದೆ. ಹೊರನಾಡಿನಿಂದ ಬಂದ ಉಪದೇಶವೆಂದು ಇದನ್ನು ತಳ್ಳಿಹಾಕುವಂತಿಲ್ಲ.

ಒಂಬತ್ತನೆಯ ಶತಮಾನದ ಆಚಾರ್ಯರು ಕೊಟ್ಟ ಪಾಲನ್ನು ಇಪ್ಪತ್ತೊಂದನೆಯ ಶತಮಾನದ ಅಣ್ಣತಮ್ಮಂದಿರು ಒಂದು ಸೀರೆ, ಒಂದು ಕುಪ್ಪಸಕ್ಕೆ ಬಿಡಿಸಿಕೊಳ್ಳುತ್ತಿದ್ದಾರೆ. ತಂದೆಯ ಕ್ರಿಯೆಗೆ ಬಂದ ಮಗಳ ಮುಂದೆ ಹಕ್ಕುಬಿಡುಗಡೆ ಪತ್ರವನ್ನು ಹಿಡಿಯುವ ಮನೆಗಳು ಒಂದೆರಡಲ್ಲ. ಸಹಿ ಹಾಕದಿದ್ದರೆ ತವರು ತಪ್ಪುತ್ತದೆಂಬ ಅಂಜಿಕೆಯೇ ಅಲ್ಲಿಯ ಒಪ್ಪಿಗೆ. ಕಾನೂನು ಮಾತ್ರ ಎಂದೋ ಬದಲಾಗಿದೆ. ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ ಕರ್ನಾಟಕವು 1994ರಲ್ಲಿಯೇ ತಿದ್ದುಪಡಿ ತಂದಿತು. 2005ರ ಕೇಂದ್ರ ತಿದ್ದುಪಡಿಯು ಮದುವೆಯಾದ ಮಗಳನ್ನೂ ಪಿತ್ರಾರ್ಜಿತದಲ್ಲಿ ಸಮಪಾಲುಗಾರಳನ್ನಾಗಿಸಿತು. 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಖಚಿತಪಡಿಸಿತು. ಆದುದರಿಂದ ಮರಣಶಾಸನ ಬರೆಯುವ ಹಿರಿಯನು ಹಂಚಬಲ್ಲುದು ತನ್ನ ಸ್ವಯಾರ್ಜಿತವನ್ನು ಮತ್ತು ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನು ಮಾತ್ರ. ಮಗಳ ಪಾಲನ್ನು ಬಸದಿಗೆ ಬರೆದುಕೊಟ್ಟರೆ ಅದು ದಾನವಲ್ಲ, ಅದತ್ತಾದಾನ. ಅಚೌರ್ಯ ವ್ರತದ ಭಂಗ.

ವಿಧವೆಯ ಪಾಡು ಇನ್ನೂ ಹೀನ. ಗಂಡ ನಾಗದೇವನನ್ನು ಕಳೆದುಕೊಂಡ ಅತ್ತಿಮಬ್ಬೆಯು ಲಕ್ಕುಂಡಿಯಲ್ಲಿ ಬಸದಿಯನ್ನು ಎತ್ತಿಸಿದಳು; 1007ರ ಶಾಸನ ಅದಕ್ಕೆ ಸಾಕ್ಷಿ. ಪುತ್ರರಿಲ್ಲದ ಜೈನ ವಿಧವೆಗೆ ಗಂಡನ ಸ್ವಯಾರ್ಜಿತದ ಮೇಲೆ ಪೂರ್ಣ ಹಕ್ಕನ್ನು ಕೊಡುವ ಜೈನ ರೂಢಿಯನ್ನು 1878ರಷ್ಟು ಹಿಂದೆಯೇ ಪ್ರಿವಿ ಕೌನ್ಸಿಲ್ ಮನ್ನಿಸಿತ್ತು. ಅವಳ ಹೆಸರಿನ ಸಮಾರಂಭಗಳಲ್ಲಿ ಭಾಷಣ ಮಾಡುವ ಮನೆಗಳಲ್ಲಿಯೇ ಇಂದಿನ ವಿಧವೆಯು ಅಭಿಷೇಕಕ್ಕೆ ನೂರು ರೂಪಾಯಿ ಕೊಡಲು ಮಗನ ಮುಖ ನೋಡುತ್ತಾಳೆ. ಮರಣಶಾಸನವಿಲ್ಲದಿದ್ದರೆ ಸ್ವಯಾರ್ಜಿತವು ಹೆಂಡತಿಗೂ ಮಕ್ಕಳಿಗೂ, ಬದುಕಿದ್ದರೆ ತಾಯಿಗೂ ಸಮನಾಗಿ ಹೋಗುತ್ತದೆ; ವಾಸದ ಮನೆಯೂ ಅದರಲ್ಲಿ ಸೇರುತ್ತದೆ. ‘ಅವಳಿರುವವರೆಗೆ ಈ ಮನೆ ಅವಳದು’ ಎಂಬ ಒಂದು ಸಾಲನ್ನು ಬರೆದಿಡದ ಗಂಡನು ಅವಳನ್ನು ಮಕ್ಕಳ ಒಳ್ಳೆಯತನಕ್ಕೆ ಒತ್ತೆಯಿಟ್ಟು ಹೋಗುತ್ತಾನೆ.

ನಾಮಿನಿ ಹಾಕಿದ್ದರೆ ಸಾಕೆಂಬ ಭ್ರಮೆಯೂ ವ್ಯಾಪಕವಾಗಿದೆ. ಬ್ಯಾಂಕಿನ ನಾಮಿನಿ ಹಣವನ್ನು ಪಡೆದುಕೊಳ್ಳುವವನೇ ಹೊರತು ಅದರ ಒಡೆಯನಲ್ಲ. ಷೇರುಗಳ ವಿಷಯದಲ್ಲಿಯೂ 2023ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನೇ ಹೇಳಿತು.

ಬಸದಿಗಳ ಟ್ರಸ್ಟುಗಳೂ ಈ ದೋಷದಲ್ಲಿ ಪಾಲುದಾರರೇ. ಪಂಚಕಲ್ಯಾಣದ ವೇದಿಕೆಯ ಮೇಲೆ ಧ್ವನಿವರ್ಧಕದಲ್ಲಿ ಎರಡೆಕರೆ ಘೋಷಿಸಿದವನಿಗೆ ಹಾರ, ಶಾಲು, ಜಯಕಾರ ದೊರೆಯುತ್ತವೆ. ಉತಾರದಲ್ಲಿ ಅವನ ಹೆಸರು ಮಾತ್ರ ಹಾಗೆಯೇ ಉಳಿಯುತ್ತದೆ. ಸ್ಥಿರ ಸ್ವತ್ತಿನ ದಾನವು ಇಬ್ಬರು ಸಾಕ್ಷಿಗಳ ಸಹಿಯುಳ್ಳ, ನೋಂದಾಯಿತವಾದ ಪತ್ರದಿಂದಲ್ಲದೆ ಆಗದೆಂದು 1882ರ ಕಾಯಿದೆಯೇ ಹೇಳುತ್ತದೆ. ಅವನು ತೀರಿದ ಮೇಲೆ ಆ ಮಾತಿಗೆ ಮಕ್ಕಳು ಕಾನೂನಿನಲ್ಲಿ ಬದ್ಧರಲ್ಲ. ಆಗ ಟ್ರಸ್ಟು ಅವರನ್ನು ಲೋಭಿಗಳೆಂದು ನಿಂದಿಸುತ್ತದೆ. ಅವರು ಟ್ರಸ್ಟಿನವರನ್ನು ಕಬಳಿಸುವವರೆಂದು ನಿಂದಿಸುತ್ತಾರೆ. ಶಾಲು ಹೊದಿಸುವ ಉತ್ಸಾಹದಲ್ಲಿ ಅರ್ಧದಷ್ಟಾದರೂ ದಸ್ತಾವೇಜಿನ ಮೇಲಿದ್ದರೆ ಈ ಪ್ರಸಂಗವೇ ಬಾರದು.

ಇದರ ಇನ್ನೊಂದು ತುದಿ ಹೆಚ್ಚು ಅಪಾಯಕರ. ಹಾಸಿಗೆ ಹಿಡಿದ ವೃದ್ಧನ ಬಳಿಗೆ ಟ್ರಸ್ಟಿನವರೇ ಬರೆದ ಕಾಗದವನ್ನು ಒಯ್ದು, ಟ್ರಸ್ಟಿನವರದೇ ಸಾಕ್ಷಿ ಹಾಕಿಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಧರ್ಮಪ್ರಭಾವನೆಯೆಂದು ಯಾರೂ ಭಾವಿಸದಿರಲಿ. ಮೈಸೂರು ಸೀಮೆಯ ವೆಂಕಟಾಚಲ ಅಯ್ಯಂಗಾರ್ ಮೊಕದ್ದಮೆಯಲ್ಲಿ 1958ರಲ್ಲಿ ಸರ್ವೋಚ್ಚ ನ್ಯಾಯಾಲಯ ಹಾಕಿಕೊಟ್ಟ ನಿಯಮ ಇಂದಿಗೂ ನಡೆಯುತ್ತಿದೆ: ಉಯಿಲಿನಿಂದ ಗಣನೀಯ ಲಾಭ ಪಡೆಯುವವನೇ ಅದನ್ನು ಬರೆಸುವುದರಲ್ಲಿ ಮುಂದಾಗಿದ್ದರೆ ಅದು ಸಂಶಯದ ಸಂಗತಿ, ಆ ಸಂಶಯವನ್ನು ನಿವಾರಿಸುವ ಹೊಣೆ ಅವನದೇ.

ಇಷ್ಟಾಗಿ ಕಾನೂನು ಕೇಳುವುದು ಅಲ್ಪ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 63ನೆಯ ಕಲಮಿನಂತೆ ಬರೆದವನ ಸಹಿ ಅಥವಾ ಗುರುತು, ಅದನ್ನು ಕಂಡ ಇಬ್ಬರು ಸಾಕ್ಷಿಗಳು ಅವನ ಸಮ್ಮುಖದಲ್ಲಿ ಹಾಕಿದ ಸಹಿ, ಇಷ್ಟೇ. ಮುದ್ರಾಂಕ ಬೇಡ, ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಆದರೆ ಹಿತಕರ. ಬದುಕಿರುವತನಕ ಬದಲಿಸಬಹುದು, ಕಡೆಯದೇ ಊರ್ಜಿತ. ಸಾಕ್ಷಿಗಳು ಲಾಭವಿಲ್ಲದವರೂ ಬರೆದವನಿಗಿಂತ ಕಿರಿಯರೂ ಆಗಿದ್ದರೆ ಲೇಸು, ಏಕೆಂದರೆ ತಕರಾರು ಬಂದ ದಿನ ಅವರಲ್ಲೊಬ್ಬನಾದರೂ ಕಟಕಟೆ ಏರಬೇಕಾಗುತ್ತದೆ. ಗುಟ್ಟಾಗಿರಬೇಕೆನ್ನುವವರಿಗೆ 1908ರ ನೋಂದಣಿ ಅಧಿನಿಯಮವು ಮುಚ್ಚಿದ ಲಕೋಟೆಯಲ್ಲಿ ಉಯಿಲನ್ನು ಜಿಲ್ಲಾ ರಿಜಿಸ್ಟ್ರಾರರ ಬಳಿ ಠೇವಣಿ ಇಡಲು ಅವಕಾಶ ಕೊಟ್ಟಿದೆ. ಗದಗ ಜಿಲ್ಲೆಯಾಗಿ 1997ಕ್ಕೇ ಬೇರೆಯಾದುದರಿಂದ ಅದಕ್ಕಾಗಿ ಧಾರವಾಡದ ರೈಲು ಹತ್ತುವ ಕಾರಣವೂ ಉಳಿದಿಲ್ಲ.