ಮಲ್ಲಯ್ಯನ ದಾರಿಯ ಲೆಕ್ಕ

ನನ್ನ ಹಳೆಯ ಸೈಕಲ್ಲಿನ ಬಗ್ಗೆ ಈ ಅಂಕಣದಲ್ಲಿ ಬರೆದಾಗ ಐದನೇ ತರಗತಿಯ ಒಬ್ಬ ಹುಡುಗಿ ಕಾರ್ಡು ಹಾಕಿದ್ದಳು. "ಅಜ್ಜಾ, ಸೈಕಲ್ ಇರಲಿ, ನೀವು ಬರೀ ನಡೆದು ಎಲ್ಲಕ್ಕಿಂತ ದೂರ ಹೋಗಿದ್ದು ಎಲ್ಲಿಗೆ?" ಎಂದು ಕೇಳಿದ್ದಾಳೆ. ಉತ್ತರ ಒಂದೇ ಮಾತಿನದು, ಶ್ರೀಶೈಲಕ್ಕೆ. ಆದರೆ "ನಡೆದು ಹೋಗಿದ್ದು" ಎಂದು ಬರೆಯಲು ಪೆನ್ನು ತೆಗೆದರೆ ಕೈ ತಡೆಯುತ್ತದೆ. ಯಾಕೆಂದು ಹೇಳುತ್ತೇನೆ.

ನಮ್ಮ ಕಡೆ, ಅಂದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯಲ್ಲಿ ಯುಗಾದಿ ಹತ್ತಿರ ಬಂತೆಂದರೆ ಸಾವಿರಾರು ಜನ ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ. ಭ್ರಮರಾಂಬೆ ನಮ್ಮ ಮನೆಮಗಳು ಎಂಬುದು ನಮ್ಮವರ ನಂಬಿಕೆ. ಹಬ್ಬಕ್ಕೆ ಮಗಳಿಗೆ ತವರಿನಿಂದ ಸೀರೆ, ಕುಪ್ಪಸ, ಅರಿಷಿಣ-ಕುಂಕುಮ ಒಯ್ಯಬೇಕಲ್ಲ, ಅದಕ್ಕೇ ಈ ನಡಿಗೆ. 12ನೇ ಶತಮಾನದಲ್ಲಿ ಅಕ್ಕಮಹಾದೇವಿ ಕಲ್ಯಾಣದಿಂದ ಒಬ್ಬಳೇ ಹೊರಟದ್ದೂ ಅದೇ ಬೆಟ್ಟಕ್ಕೆ. ನಾವು ನಲವತ್ತೆರಡು ಜನ, ಎರಡು ಕಂಬಿ, ಒಂದು ಟೆಂಪೋ.

ಅದು 2019. ನನಗೆ ಆಗ 68. ಯುಗಾದಿ ಏಪ್ರಿಲ್ 6ಕ್ಕೆ ಬಿದ್ದಿತ್ತು, ನಾವು ಹೋಳಿ ಹುಣ್ಣಿವೆಯ ಮರುದಿನ, ಮಾರ್ಚ್ 22ಕ್ಕೆ ಹೊರಟೆವು. ಮಗಳ ಮಗ ಪಿಯುಸಿ ಎರಡನೇ ವರ್ಷದ ಪರೀಕ್ಷೆ ಮುಗಿಸಿ ಖಾಲಿ ಕೂತಿದ್ದ. "ಅಜ್ಜನ ಕೂಡ ಹೋಗು, ಕಣ್ಣಿಡು" ಎಂದು ಅವನನ್ನು ನನ್ನ ಹೆಂಡತಿ ಹಚ್ಚಿ ಕಳಿಸಿದಳು. ಅಮ್ಮನವರಿಗೆ ಒಂದು ಇಳಕಲ್ ಸೀರೆಯ ಗಂಟು ಕಟ್ಟಿ ನನ್ನ ಕೈಯಲ್ಲಿಟ್ಟು, "ನಡಕೋತ ಹೋಗಿ ಮುಟ್ಟಸ್ರಿ" ಎಂದಳು. ಇಳಕಲ್ಲಿನ ಹತ್ತಿರದ ನಮ್ಮ ಊರಿನಿಂದ ಶ್ರೀಶೈಲಕ್ಕೆ ಹಾದಿ ಸುಮಾರು 380 ಕಿಲೋಮೀಟರು. ಹದಿನಾಲ್ಕು ದಿನಕ್ಕೆ ಹಂಚಿದರೆ ದಿನಕ್ಕೆ ಇಪ್ಪತ್ತೇಳು ಚಿಲ್ಲರೆ. ಹೊರಡುವ ಹಿಂದಿನ ರಾತ್ರಿಯೇ ಈ ಭಾಗಾಕಾರ ಮಾಡಿ ಒಂದು ಸಣ್ಣ ಪಾಕೆಟ್ ಡೈರಿಯಲ್ಲಿ ಗೆರೆ ಹೊಡೆದು ಖಾನೆ ಹಾಕಿಟ್ಟಿದ್ದೆ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಜರ್ ಬರೆದ ಕೈ, ಸುಮ್ಮನಿರುತ್ತದೆಯೇ? ದಿನ, ಊರು, ಬೆಳಿಗ್ಗೆ ನಡೆದದ್ದು, ಸಂಜೆ ನಡೆದದ್ದು, ಒಟ್ಟು.

ಬೇಸಿಗೆಯ ನಡಿಗೆಗೆ ಗಡಿಯಾರವೇ ಬೇರೆ. ರಾತ್ರಿ ಮೂರಕ್ಕೆ ನಮ್ಮ ತಂಡದ ಹಿರಿಯರೊಬ್ಬರು ಗಂಟೆ ಬಾರಿಸುತ್ತಿದ್ದರು. ಮುಖಕ್ಕೆ ನೀರು, ಒಂದು ಕಪ್ ಕರಿ ಚಹಾ, ಮೂರೂವರೆಗೆಲ್ಲ ಕಂಬಿ ಹೆಗಲೇರಬೇಕು. ಮೊದಲ ದಿನಗಳಲ್ಲಿ ಹುಣ್ಣಿವೆ ಆಗಷ್ಟೇ ಕಳೆದಿತ್ತಾಗಿ ಚಂದ್ರ ನೆತ್ತಿಯ ಮೇಲಿರುತ್ತಿದ್ದ, ಬ್ಯಾಟರಿಯೇ ಬೇಡ. ದಿನ ಕಳೆದಂತೆ ಅವನು ಸವೆದ, ನಮ್ಮ ಚಪ್ಪಲಿಯ ಹಾಗೆ. ಒಂಬತ್ತು, ಒಂಬತ್ತೂವರೆಗೆ ನಡಿಗೆ ಬಂದ್. ಮತ್ತೆ ಹೊರಡುವುದು ಸಂಜೆ ನಾಲ್ಕೂವರೆಗೆ, ಎಂಟರ ತನಕ.

ನಡುವಿನ ಆ ಏಳು ತಾಸು ಇದೆಯಲ್ಲ, ಪಾದಯಾತ್ರೆಯ ನಿಜವಾದ ಕಷ್ಟ ಅದೇ. ನಡೆಯುವುದು ಸುಲಭ, ಮಲಗುವುದು ಕಷ್ಟ. ಮುದಗಲ್ ದಾಟಿದ ಮೇಲೆ ಒಂದು ಕಡೆ ತಗಡಿನ ಮಾಡಿನ ಪಡಸಾಲೆ ಸಿಕ್ಕಿತು. ನೆರಳೇನೋ ಇತ್ತು, ಆದರೆ ತಗಡು ಕಾದು ನಾವು ಹಂಚಿನ ಮೇಲಿನ ರೊಟ್ಟಿಯಾದೆವು. ಎದುರಿಗಿದ್ದ ಹುಣಸೆ ಮರದ ಕೆಳಗೆ ಹೋಗಿ ಮಲಗಿದರೆ ಬೇರೆಯೇ ಲೋಕ. ಮಕ್ಕಳೇ, ಇದನ್ನು ನೀವೇ ಪರೀಕ್ಷಿಸಿ ನೋಡಿ. ಮರ ತನ್ನ ಎಲೆಗಳಿಂದ ಸದಾ ನೀರಿನ ಆವಿ ಬಿಡುತ್ತಿರುತ್ತದೆ, ಆವಿಯಾಗುವ ನೀರು ಸುತ್ತಲಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಕೊಡದಲ್ಲಿ ನೀರು ತಣ್ಣಗಿರುವುದೂ, ನಾವು ಬೆವರುವುದೂ ಅದೇ ಲೆಕ್ಕ. ಅಂದಿನಿಂದ ನಮ್ಮ ತಂಡ ಮಾಡು ಹುಡುಕುವುದನ್ನು ಬಿಟ್ಟು ಮರ ಹುಡುಕಿತು.

ಬರಿಗಾಲಿನವರು ನಮ್ಮಲ್ಲಿ ಹತ್ತು-ಹನ್ನೆರಡು ಜನ ಇದ್ದರು. ಎಂಟು ಗಂಟೆ ದಾಟಿತೆಂದರೆ ಅವರೆಲ್ಲ ರಸ್ತೆಯಂಚಿನ ಬಿಳಿ ಪಟ್ಟಿಯ ಮೇಲೆ ಒಬ್ಬರ ಹಿಂದೆ ಒಬ್ಬರು ಸಾಲು ಹಿಡಿಯುತ್ತಿದ್ದರು, ಇರುವೆಗಳ ಹಾಗೆ. ಕರಿ ಡಾಂಬರು ಬಿಸಿಲನ್ನೆಲ್ಲ ನುಂಗುತ್ತದೆ, ಬಿಳಿ ಬಣ್ಣ ತಿರುಗಿ ಕಳಿಸುತ್ತದೆ. ಪುಸ್ತಕದಲ್ಲಿ ಓದಿದ್ದನ್ನು ಅವರು ಅಂಗಾಲಿನಲ್ಲಿ ಕಲಿತಿದ್ದರು.

ಊಟದ ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಮನೆಯಿಂದ ತಂದ ಕಟಿ ರೊಟ್ಟಿ, ಶೇಂಗಾ ಚಟ್ನಿ ಟೆಂಪೋದಲ್ಲಿ ಗಂಟು ಗಂಟು ಇದ್ದವು, ಅರ್ಧಕ್ಕರ್ಧ ಹಾಗೇ ಮರಳಿ ಬಂದವು. ಹಾದಿಯುದ್ದಕ್ಕೂ ಹಳ್ಳಿಯವರು ಪೆಂಡಾಲ್ ಹಾಕಿ ಕೈಹಿಡಿದು ಎಳೆಯುತ್ತಿದ್ದರು. ಮಜ್ಜಿಗೆ, ಅಂಬಲಿ, ನಿಂಬೆ ಪಾನಕ, ಕಲ್ಲಂಗಡಿ. ಒಂದೂರಿನಲ್ಲಿ ಹೈಸ್ಕೂಲ್ ಹುಡುಗರು ಬಕೆಟ್ಟಿನಲ್ಲಿ ಬಿಸಿನೀರು, ಎಣ್ಣೆ ಹಿಡಿದು ಕೂತಿದ್ದರು. ನನ್ನ ಕಾಲು ಎಳೆದುಕೊಂಡು ತಿಕ್ಕಿದ ಹುಡುಗನಿಗೆ ಹದಿಮೂರು ವರ್ಷವಿದ್ದೀತು. "ಬ್ಯಾಡಪಾ" ಎಂದರೆ, "ಸುಮ್ಮನ ಕುಂದರ್ರಿ ಅಜ್ಜಾರ, ನಮ್ಮ ಸರದಿ ತಪ್ಪಸಬ್ಯಾಡ್ರಿ" ಎಂದು ಗದರಿಸಿದ. ಮೊಬೈಲ್ ಚಾರ್ಜಿಗೆ ಮಾತ್ರ ಯಾರ ಧರ್ಮವೂ ಸಾಲುತ್ತಿರಲಿಲ್ಲ. ಚಹಾದಂಗಡಿಯ ಒಂದು ಪ್ಲಗ್ಗಿಗೆ ಹದಿನೆಂಟು ಜನ.

ಇನ್ನು ನನ್ನ ತಪ್ಪಿನ ಮಾತು. ಮೊಮ್ಮಗ ಹೆಜ್ಜೆ ಹೆಜ್ಜೆಗೂ ಕೇಳುತ್ತಿದ್ದ, "ಅಜ್ಜಾ, ನೀರ ಕುಡದೇನ?" ನಾನು, "ಹೂಂ, ಕುಡದೇನಿ." ಕುಡಿಯುತ್ತಿರಲಿಲ್ಲ. ಕುಡಿದರೆ ಮತ್ತೆ ಮತ್ತೆ ಸಾಲು ಬಿಟ್ಟು ಮರೆಗೆ ಹೋಗಬೇಕು, ಅಷ್ಟರಲ್ಲಿ ತಂಡ ಮುಂದೆ ಹೋಗುತ್ತದೆ, ಆಮೇಲೆ ಓಡಬೇಕು. ಈ ಕಷ್ಟ ನನ್ನ ವಯಸ್ಸಿನ ಗಂಡಸರಿಗೆ ಗೊತ್ತು, ವಿವರಿಸುವುದು ಬೇಡ. ಇನ್ನೂ ಒಂದು ಮೋಸವಿದೆ. ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ತಿಳಿಯುವುದೇ ಇಲ್ಲ, ಮೈ ಒಣಗಿದರೂ ನಾಲಿಗೆ ಕೂಗುವುದಿಲ್ಲ. ಅಲ್ಲಿಯ ಒಣ ಸೆಕೆಯಲ್ಲಿ ಬೆವರೂ ಕಾಣಿಸದು, ಬಂದ ಕ್ಷಣವೇ ಆರಿ ಅಂಗಿಯ ಬೆನ್ನಿನಲ್ಲಿ ಉಪ್ಪಿನ ಬಿಳಿ ಗೆರೆ ಬಿಡುತ್ತದೆ. ನನ್ನ ಅಂಗಿಯ ತುಂಬ ಆ ಗೆರೆಗಳಿದ್ದವು. ನನಗೆ ಅವು ಓದಲು ಬರಲಿಲ್ಲ.

ತುಂಗಭದ್ರೆ ದಾಟಿ, ಮಂತ್ರಾಲಯದಲ್ಲಿ ಸ್ನಾನ ಮುಗಿಸಿ, ಎಮ್ಮಿಗನೂರು ಹಿಂದೆ ಹಾಕಿದ್ದೆವು. ಎಂಟನೆಯ ದಿನ. ಆ ಸೀಮೆಯಲ್ಲಿ ಮಾರ್ಚ್ ಕೊನೆಗೇ ಸೆಕೆ ನಲವತ್ತರ ಹತ್ತಿರ ಬಂದಿರುತ್ತದೆ. ಬೆಳಿಗ್ಗೆ ತಡವಾಗಿ ಹೊರಟದ್ದರಿಂದ ಹತ್ತೂವರೆಯಾದರೂ ನಡೆಯುತ್ತಲೇ ಇದ್ದೆವು. ಕಣ್ಣು ಹಾಯುವಷ್ಟು ದೂರ ಎರೆ ಹೊಲ, ಒಂದು ಜಾಲಿ ಗಿಡವನ್ನು ಬಿಟ್ಟರೆ ಏನಿಲ್ಲ. ಹಿಂದಿನ ದಿನ ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಅದನ್ನೂ ಯಾರಿಗೂ ಹೇಳಿರಲಿಲ್ಲ. ತಲೆ ಭಾರವಾಯಿತು. ಆಮೇಲೆ ಹಗುರಾಯಿತು, ಅದು ಇನ್ನೂ ಕೆಟ್ಟದ್ದು. ನನಗೆ ಆಗ ಬಲು ಹಿತವೆನಿಸಿದ್ದು ನೆನಪಿದೆ.

ಮೊಮ್ಮಗನಿಗೆ ನನ್ನ ಹೆಜ್ಜೆ ಸೊಟ್ಟ ಬೀಳುವುದು ಕಂಡಿತಂತೆ. ಅವನು ಗಾಬರಿ ತೋರಿಸಲಿಲ್ಲ. "ಅಜ್ಜಾ, ನಿನ್ನೆ ಮುಂಜಾನೆ ಹದಿನೇಳು, ಸಂಜಿಗೆ ಒಂಬತ್ತು. ಒಟ್ಟ ಎಷ್ಟ ಬರದಿ?" ಎಂದ.

ನಾನು ನಿಂತೆ. ಹದಿನೇಳು ಗೊತ್ತು, ಒಂಬತ್ತು ಗೊತ್ತು. ಎರಡನ್ನೂ ಕೂಡಿಸಲು ಆಗಲಿಲ್ಲ. ದಿನಕ್ಕೆ ನೂರಾರು ಅಂಕಿಗಳನ್ನು ಬೆರಳು ಮಡಚದೆ ಮೇಲಿನಿಂದ ಕೆಳಕ್ಕೆ ಕೂಡಿಸಿದ ಮನುಷ್ಯ ನಾನು. "ಮೂವತ್ತೊಂದು" ಎಂದೆನಂತೆ. ಆಮೇಲೆ "ಅಲ್ಲ, ಮ್ಯಾನೇಜರ್ ಸಹಿ ಆಗಿಲ್ಲ" ಎಂದೆನಂತೆ. ಇದನ್ನು ಈಗಲೂ ಮನೆಯಲ್ಲಿ ಎಲ್ಲರೂ ನಕ್ಕು ಹೇಳುತ್ತಾರೆ. ಅಂದು ಅವನು ನಗಲಿಲ್ಲ. ಹಣೆ ಮುಟ್ಟಿ ನೋಡಿದ, ಕಾದ ಕಬ್ಬಿಣ, ಹನಿ ಬೆವರಿಲ್ಲ.

ಮುಂದಿನದು ತುಣುಕು ತುಣುಕಾಗಿ ನೆನಪಿದೆ. ಜಾಲಿಯ ಅರೆನೆರಳಿನಲ್ಲಿ ಮಲಗಿಸಿ ಅಂಗಿ ಬಿಚ್ಚಿದರು. ಎಲ್ಲರ ಬಾಟಲಿಯ ನೀರೂ ನನ್ನ ಮೈ ಮೇಲೆ. ಒದ್ದೆ ಧೋತರ ಹೊದಿಸಿ ಇಬ್ಬರು ಟವೆಲ್ಲಿನಿಂದ ಗಾಳಿ ಹಾಕಿದರು. ಹೊಲದ ಕಡೆಯಿಂದ ಒಬ್ಬ ಹೆಣ್ಣುಮಗಳು ತನ್ನ ಮಜ್ಜಿಗೆಯ ಗಡಿಗೆ ಹಿಡಿದು ಓಡಿ ಬಂದಳು. ನನಗೆ ಪೂರ್ತಿ ಎಚ್ಚರ ಬರುವ ತನಕ ಬಾಯಿಗೆ ಏನೂ ಹಾಕಬಾರದೆಂದು ಮೊಮ್ಮಗ ಹಟ ಹಿಡಿದನಂತೆ, ಶಾಲೆಯ ಸ್ಕೌಟಿನಲ್ಲಿ ಕಲಿತದ್ದು. ಅವಳು ಕಾದು ಕೂತಳು. ನಾನು ಕಣ್ಣು ಬಿಟ್ಟು ಅವನ ಹೆಸರು ಹಿಡಿದು ಕರೆದ ಮೇಲೆ, "ತಾಗು ತಾತಾ, ತಾಗು" ಎಂದು ಸ್ವಲ್ಪ ಸ್ವಲ್ಪವೇ ಕುಡಿಸಿದಳು. ಅವಳಿಗೆ ಕನ್ನಡ ಬಾರದು, ನನಗೆ ತೆಲುಗು ಬಾರದು. ಅವಳ ಊರು ಯಾವುದೆಂದು ಕೇಳಲೂ ಇಲ್ಲ, ಟೆಂಪೋ ಬಂದುಬಿಟ್ಟಿತು.

ಸರಕಾರಿ ಆಸ್ಪತ್ರೆಯ ಡಾಕ್ಟರು ಸಣ್ಣ ವಯಸ್ಸಿನ ಹುಡುಗಿ. ಎರಡು ಬಾಟಲಿ ಸಲೈನ್ ಹಾಕಿಸಿ, ಚೆನ್ನಾಗಿ ಬೈದಳು. ಅವಳ ಬೈಗುಳವನ್ನು ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ಕೇಳಿದೆ. ಬೆವರು ನಿಂತು ಮೈ ಸುಡುತ್ತಿದ್ದರೆ, ಮಾತು ತೊದಲಿದರೆ ಅದು ದಣಿವಲ್ಲ, ಬಿಸಿಲಿನ ಆಘಾತ, ತಾಸುಗಳ ಲೆಕ್ಕದಲ್ಲಿ ಮನುಷ್ಯ ಹೋಗಿಬಿಡಬಹುದು ಎಂದಳು. ಸಂಜೆ ಕುಡಿಯಲು ಓಆರ್‌ಎಸ್ ಪುಡಿಯ ಪಾಕೀಟು ಕೊಟ್ಟರು. ಅದರ ಹಿಂದೆ ಅಂಕಿಗಳಿದ್ದವು. ಗ್ಲೂಕೋಸ್ 13.5 ಗ್ರಾಂ, ಸಿಟ್ರೇಟ್ 2.9, ಉಪ್ಪು 2.6, ಪೊಟ್ಯಾಸಿಯಂ ಕ್ಲೋರೈಡ್ 1.5. ಹೆದರುತ್ತಲೇ ಮನಸ್ಸಿನಲ್ಲಿ ಕೂಡಿಸಿದೆ. 20.5. ಪಾಕೀಟಿನ ಮೇಲೂ 20.5. ಟ್ಯಾಲಿ! ಬ್ಯಾಂಕಿನಲ್ಲಿ ವರ್ಷದ ಕೊನೆಯ ಲೆಕ್ಕ ಕೂಡಿದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. (ಪಾಕೀಟು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮಕ್ಕಳೇ, ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಉಪ್ಪು ಹೆಚ್ಚಾಗಬಾರದು.)

ಡಾಕ್ಟರು ಇನ್ನು ನಡೆಯುವಂತಿಲ್ಲ ಎಂದರು. ನಾನು ಒಪ್ಪಲಿಲ್ಲ. ನಿಜ ಹೇಳಬೇಕೆಂದರೆ ಮಲ್ಲಯ್ಯನಿಗಿಂತ ಹೆಚ್ಚಾಗಿ ಊರಿನ ಕಟ್ಟೆಯ ನೆನಪಾಯಿತು. "ಬ್ಯಾಂಕಿನ ಅಜ್ಜ ಅರ್ಧ ಹಾದಿಗೆ ಟೆಂಪೋ ಹತ್ತಿದ" ಎಂದು ಅಲ್ಲಿ ಆಡಿಕೊಳ್ಳುತ್ತಾರಲ್ಲ! ಮೊಮ್ಮಗನಿಗೆ ಹೇಳಿದೆ, "ಎರಡ ದಿನ ಬಿಟ್ಟ ನಡೀತೇನಿ, ಅಜ್ಜಿಗೆ ಮಾತ ಕೊಟ್ಟೇನಿ, ಸೀರಿ ನಡಕೋತನ ಮುಟ್ಟಬೇಕು."

ಅವನು ಸೀರೆಯ ಗಂಟನ್ನು ನನ್ನ ತಲೆದಿಂಬಿನ ಪಕ್ಕದಿಂದ ಎತ್ತಿಕೊಂಡ. "ಸೀರಿ ನಡಕೋತನ ಮುಟ್ಟತೈತಿ. ನೀ ಟೆಂಪೋದಾಗ ಬಾ. ಇಲ್ಲಂದ್ರ ಈಗ ಅಜ್ಜಿಗೆ ಫೋನ್ ಹಚ್ಚತೇನಿ, ನೀರ ಕುಡದೇನಿ ಅಂತ ಎಂಟ ದಿನ ಸುಳ್ಳ ಹೇಳೀದಿ ಅಂತ ಹೇಳತೇನಿ."

ಹದಿನೆಂಟು ವರ್ಷದ ಹುಡುಗ. ನಾನು ಟೆಂಪೋ ಹತ್ತಿದೆ.

ಕರ್ನೂಲು, ಆತ್ಮಕೂರು ಎಲ್ಲ ಹಾಸಿಗೆ ಗಂಟುಗಳ ನಡುವೆ ಕೂತು ನೋಡಿದ್ದು. ಆತ್ಮಕೂರಿನ ಮುಂದೆ ವೆಂಕಟಾಪುರದಿಂದ ನಲ್ಲಮಲ ಕಾಡು ಶುರು. ನಡೆಯುವವರು ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಲನು ಎಂದು ಕಾಡಿನೊಳಗೆ ಹೋಗುತ್ತಾರೆ. ಅದು ಹುಲಿಗಳ ಕಾಡು, ನಮ್ಮ ಟೆಂಪೋ ರಸ್ತೆ ಹಿಡಿದು ದೂರದ ಸುತ್ತು ಹಾಕಿತು. ಕಂಬಿ ಹೊತ್ತವರು ಮರಗಳೊಳಗೆ ಮರೆಯಾದದ್ದನ್ನು ನೋಡುತ್ತ ನಿಂತಾಗ ಗಂಟಲು ಕಟ್ಟಿತು. ಅದನ್ನು ಬರೆಯಲು ನಾಚಿಕೆಯಿಲ್ಲ.

ಎರಡು ದಿನ ಬಿಟ್ಟು ಕೈಲಾಸದ್ವಾರದಲ್ಲಿ ಕಾಯುತ್ತಿದ್ದೆ. ಭೀಮುನಿ ಕೊಲನಿನ ಕಣಿವೆಯಿಂದ ಮೇಲಕ್ಕೆ ಕಲ್ಲಿನ ಮೆಟ್ಟಿಲು. ಶ್ರೀಶೈಲದ ದಾರಿಗೆ ಮೆಟ್ಟಿಲು ಕಟ್ಟಿಸಿದವರಲ್ಲಿ 14ನೇ ಶತಮಾನದ ರೆಡ್ಡಿ ಅರಸರು ಹೆಸರಾದವರು. ಕೊನೆಯ ಮೆಟ್ಟಿಲ ಪಕ್ಕದ ನೆರಳಿನಲ್ಲಿ ನಾನು ಒಂದು ಕೊಡ ನೀರು, ಒಂದು ಲೋಟ ಇಟ್ಟುಕೊಂಡು ಕೂತೆ. ಹತ್ತಿ ಬಂದವರೆಲ್ಲ ಕೈಚಾಚುತ್ತಿದ್ದರು. ಎಲ್ಲಿಯವರೋ ಏನೋ, ಬಾಯಲ್ಲಿ ಮಾತಿಲ್ಲ, ಕುಡಿದು ಕೈಮುಗಿದು ಮುಂದೆ. ಇನ್ನೂರು ಲೋಟದ ತನಕ ಎಣಿಸಿದೆ, ಆಮೇಲೆ ಬಿಟ್ಟೆ. ಹೊತ್ತು ಏರಿದ ಮೇಲೆ ಒಬ್ಬ ಹುಡುಗ ಕುಂಟುತ್ತ, ಮೈಯೆಲ್ಲ ಧೂಳಾಗಿ, ತಲೆಯ ಮೇಲೆ ಗಂಟು ಹೊತ್ತು ಬಂದ. ಹತ್ತಿರ ಬರುವ ತನಕ ನನ್ನ ಮೊಮ್ಮಗನೆಂದು ಗುರುತೇ ಸಿಗಲಿಲ್ಲ. ಲೋಟ ಕೊಟ್ಟೆ. ಕುಡಿಯುವ ಮೊದಲು ನನ್ನನ್ನು ನೋಡಿ, "ನೀ ಕುಡದೇನ?" ಎಂದ. ಅವನೆದುರಿಗೇ ಒಂದು ಲೋಟ ಕುಡಿದು ತೋರಿಸಿದೆ.

ಸೀರೆ ಮುಟ್ಟಿತು. ಊರಿನ ಕಟ್ಟೆಯಲ್ಲಿ ಆಡಿಕೊಂಡರು, ಅದೂ ಆಯಿತು. ಡೈರಿ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ನಡೆದದ್ದು 212, ಟೆಂಪೋ 168, ಒಟ್ಟು 380 ಎಂದು ನಾನು ಬರೆದಿದ್ದೆ. ಅದರ ಕೆಳಗೆ ಮೊಮ್ಮಗ ತನ್ನ ಕೋಳಿಕಾಲಿನ ಅಕ್ಷರದಲ್ಲಿ "ಸೀರೆ: ನಡೆದದ್ದು 380" ಎಂದು ಸೇರಿಸಿದ್ದಾನೆ.

ಅವನೀಗ ಪುಣೆಯಲ್ಲಿ ಕೆಲಸಕ್ಕಿದ್ದಾನೆ. ಶಿವರಾತ್ರಿ ಕಳೆದು ಬಿಸಿಲು ಏರಿತೆಂದರೆ ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಫೋನು ಮಾಡುತ್ತಾನೆ. ಹಲೋ ಇಲ್ಲ, ಆರಾಮಿದ್ದೀರೇನು ಇಲ್ಲ. ಎತ್ತಿದ ಕೂಡಲೇ, "ಅಜ್ಜಾ, ಹದಿನೇಳು ಒಂಬತ್ತು ಎಷ್ಟು?"