ದಾಖಲೆಯಿಲ್ಲದ ಖಡ್ಗಕ್ಕೆ ಕಬ್ಬಿಣದ ಬೆಲೆ

ಪ್ರತಿ ವರ್ಷ ಖಂಡೇನವಮಿಯ ದಿನ ಗದಗ-ಬೆಟಗೇರಿ ಅವಳಿ ನಗರದ ಮುದ್ರಣಾಲಯಗಳಲ್ಲಿ ಯಂತ್ರಗಳಿಗೆ, ನೇಕಾರರ ಮನೆಗಳಲ್ಲಿ ಮಗ್ಗಗಳಿಗೆ, ಅಡತಿ ಅಂಗಡಿಗಳಲ್ಲಿ ತಕ್ಕಡಿ ಹಾಗೂ ಲೆಕ್ಕದ ಪುಸ್ತಕಗಳಿಗೆ ಪೂಜೆ ಸಲ್ಲುತ್ತದೆ. ಹಬ್ಬದ ಹೆಸರಿನಲ್ಲಿಯೇ ಇರುವ ‘ಖಂಡೆ’ ಎಂದರೆ ಖಡ್ಗ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಹಳೆಯ ವಾಡೆಗಳಲ್ಲಿ ಅಂದು ಅಟ್ಟದ ಮೇಲಿನ ಖಡ್ಗವನ್ನೋ, ಕಠಾರಿಯನ್ನೋ, ತುಕ್ಕು ಹಿಡಿದ ಬಂದೂಕಿನ ನಳಿಗೆಯನ್ನೋ ಕೆಳಗಿಳಿಸಿ ಕುಂಕುಮ ಹಚ್ಚುವ ರೂಢಿ ಇಂದಿಗೂ ಅಲ್ಲಲ್ಲಿ ಉಳಿದಿದೆ. ಅದು ಯಾರದು, ಯಾವ ಕಾಲದ್ದು, ಮನೆಗೆ ಹೇಗೆ ಬಂದಿತು ಎಂದು ಕೇಳಿದರೆ ಮಾತ್ರ ‘ಅಜ್ಜನ ಕಾಲದಿಂದ ಐತಿ’ ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯುವುದು ವಿರಳ.

ಮನೆತನದ ಪಾಲುಪಟ್ಟಿಯಾದಾಗ ಅಥವಾ ವಾಡೆಯನ್ನು ಕೆಡವಿದಾಗ ಈ ವಸ್ತುಗಳು ತೊಲೆ, ಕಂಬ, ಹಿತ್ತಾಳೆ ಪಾತ್ರೆಗಳೊಂದಿಗೆ ಗುಜರಿ ಅಂಗಡಿಯ ತಕ್ಕಡಿಗೆ ಬರುತ್ತವೆ. ಮಾರುವವನಿಗೆ ದೊರೆಯುವುದು ಕಬ್ಬಿಣದ ಬೆಲೆ. ಅದೇ ವಸ್ತು ಮಧ್ಯವರ್ತಿಗಳ ಮೂಲಕ ದೊಡ್ಡ ನಗರವನ್ನು ಸೇರುವ ವೇಳೆಗೆ ಅದಕ್ಕೊಂದು ಕಟ್ಟುಕಥೆ ಅಂಟಿಕೊಂಡಿರುತ್ತದೆ. ಹೀಗೆ ಊರು ತನ್ನ ಇತಿಹಾಸದ ಒಂದು ಸಾಕ್ಷ್ಯವನ್ನೂ, ಮಾರಿದವನು ನ್ಯಾಯವಾದ ಬೆಲೆಯನ್ನೂ, ಕೊಂಡವನು ಸತ್ಯವನ್ನೂ ಕಳೆದುಕೊಳ್ಳುತ್ತಾರೆ. ಈ ನಷ್ಟವನ್ನು ತಡೆಯುವ ಶಕ್ತಿ ಇತಿಹಾಸಕಾರರಿಗಿಂತ ಮೊದಲು ಇರುವುದು ವ್ಯಾಪಾರಸ್ಥರ ಕೈಯಲ್ಲಿ. ಏಕೆಂದರೆ ವಸ್ತು ಮನೆಯ ಹೊಸ್ತಿಲು ದಾಟಿದಾಗ ಅದನ್ನು ಮೊದಲು ಕಾಣುವವರು ಅವರೇ.

ಈ ನೆಲದ ಹಿನ್ನೆಲೆ

ಆಯುಧ ಮತ್ತು ಕಾಗದಪತ್ರದ ಸಂಬಂಧ ಈ ಭಾಗಕ್ಕೆ ಹೊಸದಲ್ಲ. 1857ರ ನಿಶ್ಶಸ್ತ್ರೀಕರಣ ಕಾಯ್ದೆಯು ಪರವಾನಿಗೆಯಿಲ್ಲದೆ ಆಯುಧ ಇಟ್ಟುಕೊಳ್ಳುವುದನ್ನು ಅಪರಾಧವನ್ನಾಗಿಸಿತು. ಅದನ್ನು ಧಿಕ್ಕರಿಸಿದ ಹಲಗಲಿಯ ಬೇಡರ ಮೇಲೆ ಅದೇ ವರ್ಷದ ನವೆಂಬರಿನಲ್ಲಿ ದಾಳಿ ನಡೆದು, ಅನೇಕರನ್ನು ಗಲ್ಲಿಗೇರಿಸಲಾಯಿತು. ಮುಂಡರಗಿ ಭೀಮರಾಯರು 1858ರ ಮೇ ತಿಂಗಳಿನಲ್ಲಿ ಡಂಬಳದ ಖಜಾನೆಯನ್ನು ವಶಪಡಿಸಿಕೊಂಡು, ಹಮ್ಮಿಗೆಯ ಕೆಂಚನಗೌಡರೊಡನೆ ಕೊಪ್ಪಳದ ಕೋಟೆಯನ್ನು ಸೇರಿ, ಜೂನ್ 1ರಂದು ಅಲ್ಲಿಯೇ ವೀರಮರಣವನ್ನಪ್ಪಿದರು. ನರಗುಂದದ ಬಾಬಾಸಾಹೇಬರನ್ನು ಅದೇ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.

ಆಡಳಿತದ ಗಡಿಗಳೂ ಗಮನಾರ್ಹವಾಗಿವೆ. ಗದಗ ಮತ್ತು ಮುಂಡರಗಿ ಧಾರವಾಡ ಜಿಲ್ಲೆಗೆ ಸೇರಿ ನೇರವಾಗಿ ಬ್ರಿಟಿಷರ ಆಳ್ವಿಕೆಯಲ್ಲಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ, ಲಕ್ಷ್ಮೇಶ್ವರ ಹಿರಿಯ ಮೀರಜ ಸಂಸ್ಥಾನಕ್ಕೂ ಸೇರಿದ್ದವು. ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದುದು 1948ರಲ್ಲಿ. ಆದಕಾರಣ ಲಕ್ಷ್ಮೇಶ್ವರದ ಒಂದು ಖಡ್ಗದ ಮೂಲವನ್ನು ಹುಡುಕುವವರು ಧಾರವಾಡದ ದಫ್ತರದ ಜೊತೆಗೆ ಮೀರಜದ ದಫ್ತರವನ್ನೂ ನೋಡಬೇಕಾಗುತ್ತದೆ. ಇಪ್ಪತ್ತು ಮೈಲಿಗಳ ಅಂತರದ ಎರಡು ಊರುಗಳ ಆಯುಧಗಳಿಗೆ ಎರಡು ಬೇರೆ ಬೇರೆ ಚರಿತ್ರೆಗಳಿರಬಹುದು. ವಸ್ತು ಯಾವ ಊರಿನ ಯಾವ ಮನೆಯಿಂದ ಬಂದಿತೆಂಬ ಒಂದು ಸಾಲಿನ ಟಿಪ್ಪಣಿಯ ಮಹತ್ವ ಇದರಿಂದ ತಿಳಿಯುತ್ತದೆ.

ಮೂಲವೇ ಮೌಲ್ಯ

ಮೂಲದ ಮಾಹಿತಿ ಬೆಲೆಯನ್ನು ಎಷ್ಟರಮಟ್ಟಿಗೆ ನಿರ್ಧರಿಸುತ್ತದೆ ಎಂಬುದಕ್ಕೆ ಇತ್ತೀಚಿನ ಉದಾಹರಣೆ ಟಿಪ್ಪು ಸುಲ್ತಾನನ ಶಯ್ಯಾಗೃಹದ ಖಡ್ಗ. 2023ರ ಮೇ ತಿಂಗಳಿನಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಅದು ಸುಮಾರು 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಹರಾಜುದಾರರ ಪೂರ್ವ ಅಂದಾಜು 15ರಿಂದ 20 ಲಕ್ಷ ಪೌಂಡು ಮಾತ್ರ ಇದ್ದಿತು. ಖಡ್ಗದ ಕುಸುರಿ ಕೆಲಸ ಶ್ರೇಷ್ಠವಾದುದೇ ಸರಿ. ಆದರೆ 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದ ಮೇಲೆ ಅದು ಜನರಲ್ ಬೇರ್ಡ್‌ಗೆ ಕಾಣಿಕೆಯಾಗಿ ಸಂದಿತೆಂಬ ಬರಹ ಆ ಖಡ್ಗದ ಮೇಲೆಯೇ ಇಲ್ಲದಿದ್ದರೆ ಇಂತಹ ಬೆಲೆ ಬರುತ್ತಿರಲಿಲ್ಲ.

ಎರಡನೆಯ ಉದಾಹರಣೆ ಬಳ್ಳಾರಿಗೆ ಸಮೀಪದ ಆದವಾನಿಯದು. 1689ರಲ್ಲಿ ಮೊಗಲರ ಪರವಾಗಿ ಹೋರಾಡುತ್ತಿದ್ದ ಬಿಕಾನೇರದ ಮಹಾರಾಜ ಅನೂಪ ಸಿಂಹನು ಅಲ್ಲಿನ ಕೋಟೆಯ ಆಯುಧಗಳನ್ನು ತನ್ನ ರಾಜಧಾನಿಗೆ ಸಾಗಿಸಿದನು. ಅವುಗಳಲ್ಲಿ ಅನೇಕ ಆಯುಧಗಳ ಮೇಲೆ, ಅವು ಆದವಾನಿಯಲ್ಲಿ ದೊರೆತವೆಂದು ದೇವನಾಗರಿಯಲ್ಲಿ ಚುಕ್ಕೆ ಹೊಡೆದು ಬರೆಯಿಸಲಾಯಿತು. ಆ ಕಾಲದ ದಾಸ್ತಾನು ಕಾರಕೂನರ ಈ ಶಿಸ್ತಿನಿಂದಲೇ ಇಂದು ದಖ್ಖನಿನ ಆಯುಧಗಳ ಕಾಲವನ್ನು ಗುರುತಿಸಲು ವಿದ್ವಾಂಸರಿಗೆ ಭದ್ರವಾದ ಆಧಾರ ದೊರೆತಿದೆ. ಇದಕ್ಕೆ ವಿರುದ್ಧವಾಗಿ, ತಂಜಾವೂರಿನ ಅರಮನೆಯ ಆಯುಧಾಗಾರದ ಬಹುಭಾಗ 1860ರ ದಶಕದಲ್ಲಿ ಗುಜರಿಯ ಲೆಕ್ಕದಲ್ಲಿ ಹೋಯಿತು. ಆಯ್ದ ಕೆಲವಷ್ಟೇ ಮದ್ರಾಸಿನ ವಸ್ತು ಸಂಗ್ರಹಾಲಯವನ್ನು ಸೇರಿ ಉಳಿದವು.

ವಸ್ತು ದೊರೆತ ಸ್ಥಳವೂ ಒಂದು ದಾಖಲೆಯೇ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಳೆಯ ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳನ್ನು ಪುರಾತತ್ವ ಇಲಾಖೆಯು ಹೊರತೆಗೆಯಿತು. ಬಿಡಿಬಿಡಿಯಾಗಿ ಗುಜರಿಗೆ ಬಂದಿದ್ದರೆ ಅವು ತುಕ್ಕು ಹಿಡಿದ ಕೊಳವೆಗಳೆನಿಸುತ್ತಿದ್ದವು. ಒಂದೇ ಬಾವಿಯಲ್ಲಿ ಒಟ್ಟಾಗಿ ದೊರೆತುದರಿಂದ ಅವು ಮೈಸೂರು ಸುಲ್ತಾನರ ಕಾಲದ ಯುದ್ಧ ದಾಸ್ತಾನೆಂದು ಗುರುತಿಸುವುದು ಸಾಧ್ಯವಾಯಿತು.

ರೂಢಿಯಲ್ಲಿರುವ ತಪ್ಪುಗಳು

ಮೊದಲನೆಯದು, ದೊಡ್ಡವರ ಹೆಸರನ್ನು ಅಂಟಿಸುವ ಚಪಲ. ಹಳೆಯ ಬಂದೂಕು ಕಂಡರೆ ಅದು ಮುಂಡರಗಿ ಭೀಮರಾಯರದು, ಖಡ್ಗ ಕಂಡರೆ ಕಿತ್ತೂರಿನದು ಎನ್ನುವವರಿದ್ದಾರೆ. ಬಂದೂಕಿನ ಚಾಪಿನ ಪಕ್ಕದ ಫಲಕವನ್ನು ನೋಡಿದರೆ ಅನೇಕ ವೇಳೆ ಉತ್ತರ ಅಲ್ಲಿಯೇ ಇರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಬಂದೂಕುಗಳ ಮೇಲೆ 1808ರ ಸುಮಾರಿನವರೆಗೆ ಹೃದಯದ ಆಕಾರದ ಮುದ್ರೆಯೂ, ಅನಂತರ ನಿಂತ ಸಿಂಹದ ಮುದ್ರೆಯೂ ಇರುತ್ತಿದ್ದವು. ಬ್ರಿಟಿಷ್ ಸೈನ್ಯದ ಅನೇಕ ಬಂದೂಕುಗಳಲ್ಲಿ ಇಸವಿಯನ್ನೂ ಕೆತ್ತಲಾಗಿರುತ್ತದೆ. 1860 ಎಂದು ಕೆತ್ತಿದ ಬಂದೂಕು, ಎರಡು ವರ್ಷ ಮೊದಲೇ ಮಡಿದ ಭೀಮರಾಯರದಾಗಿರಲು ಸಾಧ್ಯವಿಲ್ಲ. ಹಾಗೆಯೇ ಅಲಗಿನ ಮೇಲೆ ರೋಮನ್ ಅಕ್ಷರಗಳಿದ್ದ ಮಾತ್ರಕ್ಕೆ ಆ ಖಡ್ಗ ಬ್ರಿಟಿಷರದೆಂದು ತಿಳಿಯಲಾಗದು. ಯುರೋಪಿನಿಂದ ಬಂದರುಗಳ ಮೂಲಕ ಅಲಗುಗಳನ್ನು ತರಿಸಿ ಇಲ್ಲಿಯ ಹಿಡಿಕೆಗಳನ್ನು ಜೋಡಿಸುವ ವ್ಯಾಪಾರ ದಖ್ಖನಿನಲ್ಲಿ ಬಹುಕಾಲ ನಡೆದಿದ್ದಿತು. ಅಂತಹವಕ್ಕೆ ‘ಫಿರಂಗಿ’ ಎಂದೇ ಹೆಸರು.

ಎರಡನೆಯದು, ಉಜ್ಜಿ ತೊಳೆಯುವ ಅಭ್ಯಾಸ. ಹುಣಸೆಹಣ್ಣು, ಬೂದಿ, ಉಸುಕಿನ ಕಾಗದ, ಕಡೆಗೆ ಸಾಣೆಯ ಯಂತ್ರವನ್ನೂ ಬಳಸಿ ಖಡ್ಗವನ್ನು ಬೆಳ್ಳಗೆ ಮಾಡಿದರೆ ಬೆಳ್ಳಿ, ಬಂಗಾರದ ಕುಸುರಿ ಸವೆಯುತ್ತದೆ, ಚುಕ್ಕೆಬರಹ ಅಳಿಯುತ್ತದೆ. ದಕ್ಷಿಣ ಭಾರತದ ಪ್ರಸಿದ್ಧ ಮೂಸೆ ಉಕ್ಕಿನ ಮೇಲ್ಮೈಯಲ್ಲಿ ಕಾಣುವ ನೀರಿನ ಅಲೆಯಂತಹ ವಿನ್ಯಾಸವೂ ಮರೆಯಾಗುತ್ತದೆ. ಬಂದೂಕುಗಳ ವಿಷಯದಲ್ಲಿ ಇದು ಪ್ರಾಣಕ್ಕೆ ಸಂಬಂಧಿಸಿದ ಮಾತು. ಬಾಯಿಯಿಂದ ಮದ್ದು ತುಂಬುವ ಹಳೆಯ ಬಂದೂಕಿನ ನಳಿಗೆಯಲ್ಲಿ ಮದ್ದು ಗುಂಡು ಹಾಗೆಯೇ ಉಳಿದಿರುವ ಸಂಭವವಿದೆ. ಅದನ್ನು ಬೆಂಕಿಗೆ ಹಿಡಿಯುವುದಾಗಲಿ, ಕತ್ತರಿಸುವುದಾಗಲಿ ಸಲ್ಲದು.

ಮೂರನೆಯದು ಮತ್ತು ಅತ್ಯಂತ ದೊಡ್ಡದು, ಕಾಗದಗಳನ್ನು ರದ್ದಿಗೆ ಹಾಕುವುದು. ವಾಡೆಯ ಪೆಟ್ಟಿಗೆಗಳಲ್ಲಿ ಮೋಡಿ ಲಿಪಿಯ ಕಟ್ಟುಗಳಿದ್ದರೆ ಅವುಗಳನ್ನು ಓದಬಲ್ಲವರು ಮನೆಯಲ್ಲಿ ಇರುವುದಿಲ್ಲ. ಕತ್ತಿ ಒಂದು ಅಂಗಡಿಗೆ, ಕಾಗದ ಇನ್ನೊಂದು ಅಂಗಡಿಗೆ ಹೋದ ದಿನವೇ ಆ ಕತ್ತಿಯ ಚರಿತ್ರೆ ಮುಗಿಯಿತೆಂದು ತಿಳಿಯಬೇಕು.

ಇನ್ನೊಂದು ಸಂಗತಿ. ಗದಗವು ಗರುಡ ಸದಾಶಿವರಾಯರಂತಹ ಮಹಾನಟರ ಊರು. ಈ ಭಾಗದ ಮನೆಗಳಲ್ಲಿರುವ ಕೆಲವು ಖಡ್ಗಗಳು ರಣರಂಗವನ್ನು ಕಾಣದೆ ರಂಗಭೂಮಿಯನ್ನು ಮಾತ್ರ ಕಂಡವುಗಳಾಗಿರಬಹುದು. ಅದರಲ್ಲಿ ನಾಚಿಕೆಯಿಲ್ಲ. ನಾಟಕ ಕಂಪನಿಯ ಖಡ್ಗವೆಂದು ಸರಿಯಾಗಿ ನಮೂದಿಸಿದರೆ ಅದಕ್ಕೂ ತನ್ನದೇ ಆದ ಗೌರವವಿದೆ.

ಕಾನೂನು ಏನನ್ನುತ್ತದೆ

ನೂರು ವರ್ಷಗಳಿಗಿಂತ ಹಳೆಯದಾದ, ಕಲೆ ಅಥವಾ ಇತಿಹಾಸದ ದೃಷ್ಟಿಯಿಂದ ಮಹತ್ವದ ವಸ್ತುಗಳು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಗೆ ಒಳಪಡುತ್ತವೆ. 1976ರ ಏಪ್ರಿಲ್ 5ರಿಂದ ಜಾರಿಯಲ್ಲಿರುವ ಈ ಕಾಯ್ದೆಯ ಪ್ರಕಾರ ಪುರಾವಸ್ತುಗಳ ವ್ಯಾಪಾರಕ್ಕೆ ಪರವಾನಿಗೆ ಕಡ್ಡಾಯ. ಪರವಾನಿಗೆದಾರರು ದಾಖಲೆ ಹಾಗೂ ಛಾಯಾಚಿತ್ರಗಳನ್ನು ಇಡತಕ್ಕದ್ದು. ಖಾಸಗಿಯವರು ಅವುಗಳನ್ನು ವಿದೇಶಕ್ಕೆ ರಫ್ತು ಮಾಡುವಂತಿಲ್ಲ. ಆದ್ದರಿಂದ ಲಂಡನ್ನಿನ ಬೆಲೆಯನ್ನು ಕೇಳಿ ಇಲ್ಲಿಂದ ಖಡ್ಗ ಕಳುಹಿಸುವ ಯೋಚನೆಯನ್ನು ಯಾರೂ ಮಾಡಬಾರದು. ಅಡಿಪಾಯ ಅಗೆಯುವಾಗ ಭೂಮಿಯಲ್ಲಿ ಹುದುಗಿದ್ದ ವಸ್ತು ದೊರೆತರೆ 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು.

ಬಂದೂಕುಗಳಿಗೆ 1959ರ ಆಯುಧ ಕಾಯ್ದೆ ಅನ್ವಯಿಸುತ್ತದೆ. ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ, ದುರಸ್ತಿ ಮಾಡಿದರೂ ಹಾರಿಸಲು ಬಾರದ ಆಯುಧಗಳಿಗೆ ಅದರ 45ನೆಯ ಕಲಮಿನಲ್ಲಿ ವಿನಾಯಿತಿ ಇದೆ. ಆದರೆ ‘ಇದು ಹಾರುವುದಿಲ್ಲ’ ಎಂಬ ಮಾರಾಟಗಾರನ ಬಾಯಿಮಾತನ್ನು ನೆಚ್ಚುವಂತಿಲ್ಲ. ಕೊಡವರಿಗಿರುವ ಬಂದೂಕು ಪರವಾನಿಗೆಯ ವಿನಾಯಿತಿ ಈ ಭಾಗದವರಿಗೆ ಅನ್ವಯಿಸುವುದಿಲ್ಲ. ಖಡ್ಗ, ಭರ್ಚಿಗಳೂ ಆಯುಧ ನಿಯಮಗಳ ಪಟ್ಟಿಯಲ್ಲಿ ಸೇರಿರುವುದರಿಂದ ಮಾರಾಟಕ್ಕೆ ಇಡುವವರು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯುವುದು ಕ್ಷೇಮಕರ.

ವ್ಯಾಪಾರಸ್ಥರ ಹೊಣೆ

ಇಷ್ಟೆಲ್ಲ ಕಟ್ಟಳೆಗಳನ್ನು ಕೇಳಿದ ಮನೆಯವರು ಅಂಜಿ ವಸ್ತುವನ್ನು ರಾತ್ರೋರಾತ್ರಿ ಬಾವಿಗೆ ಎಸೆಯುವರು ಇಲ್ಲವೇ ಕದ್ದು ಮಾರುವರು ಎಂಬ ಆಕ್ಷೇಪಣೆ ಉಂಟು. ಅದರಲ್ಲಿ ತಥ್ಯವಿದೆ. 1857ರಲ್ಲಿ ಆಯುಧಗಳ ಪಟ್ಟಿ ಮಾಡಲು ಬಂದವರು ಅವುಗಳನ್ನು ಕಸಿದುಕೊಳ್ಳಲು ಬಂದವರಾಗಿದ್ದರು. ಆ ಅಂಜಿಕೆ ಈ ಸೀಮೆಯಲ್ಲಿ ಪೂರ್ತಿ ಅಳಿದಿಲ್ಲವೆಂದರೆ ಅಚ್ಚರಿಯಲ್ಲ. ಆದುದರಿಂದಲೇ ದಾಖಲೆಯ ಮೊದಲ ಹೆಜ್ಜೆಯನ್ನು ಪೊಲೀಸರಿಗೆ ಬಿಡದೆ, ಮನೆತನಗಳೊಡನೆ ತಲೆಮಾರುಗಳಿಂದ ವ್ಯವಹಾರವಿರುವ ಸ್ಥಳೀಯ ವರ್ತಕರು ಇಡುವುದು ಲೇಸು. ಅಂಗಡಿಯವನ ಮಾತಿಗೆ ಸಿಗುವ ನಂಬಿಕೆ ನೋಟೀಸಿಗೆ ಸಿಗದು.

ಮಾಡಬೇಕಾದುದು ಕಷ್ಟದ ಕೆಲಸವೇನಲ್ಲ. ಗುಜರಿ, ಹಿತ್ತಾಳೆ ಮತ್ತು ಹಳೆಯ ಮರಮುಟ್ಟಿನ ವ್ಯಾಪಾರಸ್ಥರು ಇಂತಹ ವಸ್ತು ಕಣ್ಣಿಗೆ ಬಿದ್ದಾಗ ಅದನ್ನು ತೂಕಕ್ಕೆ ಹಾಕದೆ, ಮನೆಯವರಿಗೆ ಅದರ ಮಹತ್ವವನ್ನು ತಿಳಿಸಬೇಕು. ಎರಡೂ ಬದಿಯ ಛಾಯಾಚಿತ್ರ, ಉದ್ದ, ತೂಕ, ಮುದ್ರೆ ಅಥವಾ ಬರಹ, ದೊರೆತ ಮನೆ, ಹಿರಿಯರು ಹೇಳಿದ ಮಾತು, ಜೊತೆಗಿದ್ದ ಕಾಗದಗಳು, ಇಷ್ಟನ್ನು ಒಂದು ಪುಟದಲ್ಲಿ ಬರೆದಿಡಬೇಕು. ಹಿರಿಯರ ಮಾತನ್ನು ‘ಮನೆಯವರ ಹೇಳಿಕೆ’ ಎಂದೇ ನಮೂದಿಸಬೇಕು. ಅದನ್ನು ಸಿದ್ಧ ಸತ್ಯವೆಂದು ಬರೆದರೆ ಮುಂದಿನವರು ದಾರಿ ತಪ್ಪುತ್ತಾರೆ.

ವಾಣಿಜ್ಯೋದ್ಯಮ ಸಂಸ್ಥೆಯು ಈ ಒಂದು ಪುಟದ ನಮೂನೆಯನ್ನು ಮುದ್ರಿಸಿ ಹಂಚಬಹುದು. ಅವಳಿ ನಗರದ ಮುದ್ರಣಕಾರರಿಗೆ ಅದು ಒಂದು ತಾಸಿನ ಕೆಲಸ. ಮನೆತನಗಳ ವಿಳಾಸವನ್ನು ಗೋಪ್ಯವಾಗಿಟ್ಟು, ಮೋಡಿ ಬಲ್ಲವರನ್ನೂ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಂತಹ ಕಡೆಯ ತಜ್ಞರನ್ನೂ ವರ್ಷಕ್ಕೊಮ್ಮೆ ಆಹ್ವಾನಿಸಬಹುದು. ಮಾರಲೇಬೇಕಾದ ಅನಿವಾರ್ಯತೆ ಇರುವವರಿಗೆ ಪರವಾನಿಗೆ ಪಡೆದ ವ್ಯಾಪಾರಿಯ ಅಥವಾ ವಸ್ತು ಸಂಗ್ರಹಾಲಯದ ದಾರಿಯನ್ನು ತೋರಿಸಬಹುದು.

ಬಿಲ್ಲಿಲ್ಲದ ಮಾಲನ್ನು ತನ್ನ ಉಗ್ರಾಣದಲ್ಲಿ ಇಟ್ಟುಕೊಳ್ಳಲು ಯಾವ ವಿವೇಕಿ ವರ್ತಕನೂ ಒಪ್ಪುವುದಿಲ್ಲ. ಅದೇ ವಿವೇಕವನ್ನು ಅಟ್ಟದ ಮೇಲಿನ ಖಡ್ಗಕ್ಕೂ ಅನ್ವಯಿಸಬೇಕಾಗಿದೆ. ಬರುವ ಖಂಡೇನವಮಿಯಂದು ಲೆಕ್ಕದ ಪುಸ್ತಕಕ್ಕೂ ಖಡ್ಗಕ್ಕೂ ಒಟ್ಟಿಗೆ ಪೂಜೆ ಸಲ್ಲಿಸುವ ಮನೆಗಳವರು, ಪೂಜೆ ಮುಗಿದ ಮೇಲೆ ಆ ಪುಸ್ತಕದ ಒಂದು ಪುಟದಲ್ಲಿ ಆ ಖಡ್ಗದ ವಿವರವನ್ನು ಬರೆದಿಟ್ಟರೆ ಒಳ್ಳೆಯ ಆರಂಭವಾಗುವುದು. ಹೇಳಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ ಈ ಕೆಲಸ ಆಗಬೇಕು.